ಹತ್ತಕ್ಕ ಸೊನ್ನಿ

ದೇವದುರ್ಗ
14-7-1985

ಅಕ್ಕಾ,

ನಮಸ್ಕಾರದ ಸಾಲು ಉದ್ದಕ ಬರದ್ರ ಅರ್ಧ ಹಾಳಿ ಅದಕ್ಕ ಹೋಗ್ತದ. ಒಮ್ಮಿಗೇ ಕಾಲಿಗೆ ಬಿದ್ದೀನಿ ಅಂತ ತಿಳಿ. ಇಲ್ಲಿ ನಾವು ಆರಾಮ್ ಅದೀವಿ. ವೆಂಕಮ್ಮಗ ಈಗ ಮೂರು ತಿಂಗಳು. ಮುಂಜಾನಿ ಎದ್ದ ಕೂಡಲೇ ವಾಂತಿ, ವಾಂತಿ ಆದ ಕೂಡಲೇ ನನ್ನ ಮ್ಯಾಲ ಸಿಟ್ಟು. ನಾ ಏನ್ ತಪ್ಪು ಮಾಡೀನಿ ಅಂತ ಕೇಳಿದ್ರ ಇನ್ನೂ ಸಿಟ್ಟು.

ಹೊಸಾ ಸುದ್ದಿ ಕೇಳು. ನಿನ್ನ ತಮ್ಮ ಇನ್ನ ಬರೇ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತಗೊಳ್ಳಾಂವಲ್ಲ. ಮನಸ್ಸಿನ ರೋಗ ಹಿಡಿಯಾಂವ! ಗುಲ್ಬರ್ಗಾದಾಗ ಹತ್ತು ದಿನ ಟ್ರೇನಿಂಗ್ ಆತು. ಬೆಂಗಳೂರಿಂದ ಡಾಕ್ಟರು ಬಂದಿದ್ರು, ಅವರ ಕನ್ನಡ ಬೆಣ್ಣಿ ತಿಂದಂಗ ಮೆತ್ತಗ. ಹುಚ್ಚ, ಹುಚ್ಚಿ ಅಂತ ನಮ್ಮ ಬಾಯಾಗ ಬರಬಾರದಂತ. ಒಂದು ಫಾರಂ ಕೊಟ್ಟಾರ. ಹತ್ತು ಪ್ರಶ್ನಿ ಅದಾವ. ಮನಿಮನಿಗೆ ಹೋಗಿ ಕೇಳೂದು, ಹೌದು ಇಲ್ಲ ಅಂತ ಗುರುತು ಹಾಕೂದು, ಮಾರ್ಕು ಕೂಡಸೂದು. ಮಾರ್ಕು ಒಂದು ಗೆರಿ ದಾಟಿತು ಅಂದ್ರ ರಾಯಚೂರಿಗೆ, ಅಂದ್ರ ನಿಮ್ಮ ದವಾಖಾನಿಗೆ ಚೀಟಿ ಬರದು ಕಳಸೂದು.

ಹಳ್ಳಿಗೆ ಇಳಿಯೂಕಿಂತ ಮೊದಲು ಗುರ್ತಿನವರ ಮ್ಯಾಲ ಒಮ್ಮಿ ಮಾಡಿ ನೋಡ್ರಿ ಅಂದಾರ ನಮ್ಮ ಸೂಪರ್‌ವೈಜರ್ ಜಂಬಣ್ಣ ಸಾಹೇಬ್ರು. ವೆಂಕಮ್ಮನ್ನ ಕೇಳಿದೆ. ಎರಡನೇ ಪ್ರಶ್ನಿಗೇ ನಕ್ಕು ಅಡಗಿಮನಿ ಸೇರಿದ್ಲು. ನಮ್ಮ ಮನಿತನದಾಗ ಎಸೆಸೆಲ್ಸಿ ಪಾಸಾದ ಹೆಣಮಗಳು ನೀನೊಬ್ಬಾಕಿ, ಅದಕ್ಕ ಲಕೋಟಿಯೊಳಗ ಒಂದು ಫಾರಂ ಇಟ್ಟೀನಿ. ಖರೇ ಖರೇ ಬರದು ಕಳಸು. ಮಾರ್ಕು ಹ್ಯಾಂಗ ಹಾಕ್ತೀವಿ ಅಂತ ಮಾತ್ರ ಹೇಳಂಗಿಲ್ಲ, ಹೇಳಿದ್ರ ನೀ ಹುಷಾರಾಗಿಬಿಡ್ತಿ.

ಇನ್ನೊಂದು ಮಾತು. ಯವ್ವ ನೀರಮಾನ್ವಿಯಿಂದ ಹೇಳಿ ಕಳಿಸ್ಯಾಳ, ಗೋಪಿ ಒಬ್ಬಾಕೇ ಅದಾಳ, ನಾ ಹೋಗಿ ಆಕಿ ಕೂಡ ಇರ್ತೀನಿ ಅಂತ. ಇತ್ತ ವೆಂಕಮ್ಮಗ ಮಾನ್ವಿಯ ತವರಿನಾಗ ತಾಯಿ ಇಲ್ಲ, ಬರೇ ಅಣ್ಣಂದಿರು. ಬಸರಿಗೂ ಬಾಣಂತನಕ್ಕೂ ಯವ್ವನ ಬೇಕು. ಯವ್ವ ಒಬ್ಬಾಕಿ, ಮನಿ ಎರಡು. ನೀ ಹ್ಯಾಂಗಂತಿ ಹಂಗ ಮಾಡೂಣು. ಹಳೇದನ್ನ ನಾ ಎತ್ತಂಗಿಲ್ಲ ಅಕ್ಕಾ. ನೀ ಗಟ್ಟಿ ಹೆಣಮಗಳು, ನನಗೊತ್ತದ.

ನಿನ್ನ ತಮ್ಮ
ಹಂಪಯ್ಯ


ರಾಯಚೂರು
25-7-1985

ತಮ್ಮಾ ಹಂಪಯ್ಯ,

ಲಕೋಟಿ ಮುಟ್ಟಿತು. ವೆಂಕಮ್ಮಗ ನಿಂಬಿಕಾಯಿ ಉಪ್ಪು ಹಚ್ಚಿ ಕೊಡು, ಬೆಳಿಗ್ಗೆ ಚಾ ಕೊಡಬ್ಯಾಡ. ಸಿಟ್ಟು ಮಾಡಿದ್ರ ಸುಮ್ನಿರು, ನಿನಗ ಅದೊಂದು ಬರಂಗಿಲ್ಲ.

ನೀವು ಹಿಡಿದು ಕಳಸೋ ಮಂದಿಯ ಕಾಗದ ಕಡೀಕ ನನ್ನ ಮೇಜಿಗೇ ಬರೂದು. ರೆಕಾರ್ಡ್ ರೂಮಿನ ಕೆಲಸ ನಿನಗ ಗೊತ್ತಿಲ್ಲ. ಡಾಕ್ಟರು ರೋಗದ ಹೆಸರು ಬರೀತಾರ, ನಾನು ದಪ್ಪ ಪುಸ್ತಕದಾಗ ಹುಡುಕಿ ಅದರ ನಂಬರು ರಜಿಸ್ಟರಿಗೆ ಹಾಕ್ತೀನಿ. ಎಲ್ಲಾ ರೋಗಕ್ಕೂ ನಂಬರು ಅದಾವ. ನಿಮ್ಮ ಮನಸ್ಸಿನ ರೋಗ 290ಕ್ಕ ಶುರುವಾಗಿ 319ಕ್ಕ ಮುಗೀತಾವ. ಇಲ್ಲದ ದನಿ ಕೇಳಸ್ತದ, ಯಾರೋ ವಿಷಾ ಹಾಕ್ತಾರ ಅಂತ ಬಂದವರಿಗೆ 295. ಸುಮ್ನ ಎದಿ ಹೊಡ್ಕೊಂಡು ಅಂಜಿ ಬಂದವರಿಗೆ 300. ಕಾಮಾಲಿಗೆ 070. ಅದನ್ನ ನಾ ಪುಸ್ತಕ ನೋಡದ ಬರೀತೀನಿ. ಹೋದ ವರ್ಷ ಮಗಳ ಪೇಪರಿನ ಮ್ಯಾಲ ಬರದಾಕೀನೂ ನಾನ. ಬ್ಯಾರೆ ಯಾರರ ಬರೀತಾರೇನು ಅಂತ ಹೆಡ್ ಕ್ಲಾರ್ಕು ಕೇಳಿದ್ರು. ಬ್ಯಾಡ್ರಿ, ನನ್ನ ಕೆಲಸ ಅಂದೆ.

ಫಾರಂ ತುಂಬಿ ಇಟ್ಟೀನಿ. ಖರೇ ಬರಿ ಅಂದಿದ್ದಿ, ಖರೇನ ಬರದೀನಿ. ಯಾರಿಗೂ ತೋರಿಸಬ್ಯಾಡ.

ನಿದ್ದೆ ಸರಿಯಾಗಿ ಬರುವುದಿಲ್ಲವೇ? ಇಲ್ಲ. ರಾಯಚೂರು ಸ್ಟೇಷನ್ನಿಗೆ ಯಾವ ಗಾಡಿ ಎಷ್ಟೊತ್ತಿಗೆ ಬರ್ತದ, ನನ್ನ ಕೇಳು.

ಊಟ ರುಚಿಸುವುದಿಲ್ಲವೇ? ಇಲ್ಲ.

ಜನರೊಡನೆ ಬೆರೆಯಬೇಕು ಅನ್ನಿಸುವುದಿಲ್ಲವೇ? ಇಲ್ಲ.

ಯಾವುದರಲ್ಲಿಯೂ ಸಂತೋಷ ಕಾಣುವುದಿಲ್ಲವೇ? ಇಲ್ಲ.

ಹಿಂಗ ಹತ್ತಕ್ಕೂ ಬರದೀನಿ. ಕಡೀದು, ಬದುಕಬೇಕು ಅನ್ನಿಸುವುದಿಲ್ಲವೇ ಅಂತದ. ಅದಕ್ಕೂ ಇಲ್ಲ ಅಂತ ಬರದೆ.

ಯವ್ವನ್ನ ಕಳಸೂದು ಬಿಡೂದು ನಾ ಬಾಯಿಂದ ಹೇಳಂಗಿಲ್ಲ. ಮ್ಯಾಲಿಂದು ಓದಿ ನೀನ ತೀರ್ಮಾನ ಮಾಡು.

ಗೋಪಮ್ಮ


ದೇವದುರ್ಗ
3-8-1985

ಅಕ್ಕಾ!

ಹತ್ತಕ್ಕ ಸೊನ್ನಿ! ಶಾಬ್ಬಾಸ್! ಈಗ ಗುಟ್ಟು ಹೇಳ್ತೀನಿ ಕೇಳು. ಹೌದು ಅಂದ್ರ ಒಂದು ಮಾರ್ಕು, ಇಲ್ಲ ಅಂದ್ರ ಸೊನ್ನಿ. ಐದು ಬಂತಂದ್ರ ಚೀಟಿ. ಒಂದೂ ಹೌದು ಇಲ್ಲದ ಫಾರಂ ನಮ್ಮ ಸೆಂಟರಿನಾಗ ನಿಂದ ಮೊದಲನೇದು. ಹೆಸರು ಮಡಚಿ ಜಂಬಣ್ಣ ಸಾಹೇಬ್ರಿಗೆ ತೋರಿಸಿದೆ. ಬೈಬ್ಯಾಡ. ನೋಡ್ರೀ, ಇಷ್ಟು ಕಷ್ಟ ಉಂಡ ಹೆಣಮಗಳು ಹ್ಯಾಂಗ ಅದಾಳ ಅಂದೆ. ಆರೋಗ್ಯವಂತರ ಫಾರಂ ಹಿಂಗಿರ್ತದ ಅಂತ ಅವರು ಅದನ್ನ ಉಳದ ವರ್ಕರ್‌ಗಳಿಗೆ ತೋರಿಸಾಕತ್ತಾರ. ಗಂಡ ಹೋದ, ಆ ದವಾಖಾನಿ ನೌಕರಿ ಹಿಡದು ನಿಂತಿ. ಆಮ್ಯಾಲಿಂದೂ ತಡಕೊಂಡಿ. ನನಗ ನಿನ್ನಂಥ ಅಕ್ಕ ಇರೂದು ನಮ್ಮಪ್ಪನ ಪುಣ್ಯ. ಗಾಡಿ ಟೈಮು ಅಷ್ಟು ಗೊತ್ತಿದ್ರ ಸ್ಟೇಷನ್ ಮಾಸ್ತರ ಕೆಲಸಕ್ಕ ಅರ್ಜಿ ಹಾಕು ಮತ್ತ!

ಇಲ್ಲಿ ಒಂದು ಮಜಾ ಆತು. ಅಕ್ಕಿ ಗಿರಣಿ ಗಡಿಗೆಪ್ಪ ಸಾಹುಕಾರ್ರ ಮನಿಗೆ ಹೋಗಿದ್ದೆ. ಊಟ ರುಚಿಸುವುದಿಲ್ಲವೇ ಅಂತ ಓದಿದೆ. "ಹೌದೌದು, ರುಚಿಸ್ತದ, ಯಾಕ ರುಚಿಸಂಗಿಲ್ಲ?" ಅಂದ್ರು. ಹೌದು ಅಂತ ಗುರುತು ಹಾಕಿದೆ. ನಿದ್ದೆ? "ಹೌದಪಾ, ಹಾಸಿಗಿಗೆ ಬಿದ್ದದ್ದೊಂದ ಗೊತ್ತು." ಮತ್ತ ಹೌದು. ಕೂಡಿಸಿದ್ರ ಹತ್ತಕ್ಕ ಎಂಟು! ನಕ್ಕೋತ ಹೊಟ್ಟಿ ಕುಣಿಸಾವ್ರು ಒಳಗ ಎಷ್ಟು ದುಃಖ ಇಟ್ಟಗೊಂಡಾರ ನೋಡು. ರಾಯಚೂರಿಗೆ ಚೀಟಿ ಕೊಟ್ಟೆ. "ನನಗ ಹುಚ್ಚಂತಿಯೇನಲೇ ಮಗನ" ಅಂತ ಗಿರಣಿ ಬಾಗಲತನಕ ಬೆನ್ನು ಹತ್ತಿದ್ರು. ನಾ ಸೈಕಲ್ಲು ಬಿಟ್ಟು ಓಡಿದೆ.

ಯವ್ವನ ವಿಚಾರ ಮುಗೀತು. ನೀ ಆರಾಮಿದ್ದಿ, ಅದು ಕಾಗದದ ಮ್ಯಾಲ ರುಜುವಾತಾತು. ನಾಡದು ಯವ್ವನ್ನ ಇಲ್ಲಿಗೆ ಕರಕೊಂಡು ಬರ್ತೀನಿ. ವೆಂಕಮ್ಮ ಖುಷಿ ಆಗ್ಯಾಳ. ನನ್ನ ಎದಿ ಮ್ಯಾಲಿನ ಕಲ್ಲು ಇಳದಂಗಾತು, ಖರೇ ಹೇಳ್ತೀನಿ.

ಹಂಪಯ್ಯ


ರಾಯಚೂರು
21-8-1985

ತಮ್ಮಾ,

ಸೊನ್ನಿ ಅಂದಿ. ಆತು.

ಮೊನ್ನೆ ಹತ್ತೊಂಬತ್ತಕ್ಕ ಮಗಳು ಹೋಗಿ ಒಂದು ವರ್ಷ ಆತು. ರಜಾ ಹಾಕಿರಲಿಲ್ಲ, ಕೆಲಸಕ್ಕ ಹೋದೆ. ಪುಸ್ತಕದಾಗ ದುಃಖಕ್ಕೂ ನಂಬರು ಅದ, 309. ಚುಕ್ಕಿ ಹಾಕಿ ಸೊನ್ನಿ ಬರದ್ರ ಸ್ವಲ್ಪ ದಿನದ ದುಃಖ, ಒಂದು ಬರದ್ರ ಭಾಳ ದಿನದ ದುಃಖ. ಸ್ವಲ್ಪ ಅಂದ್ರ ಎಷ್ಟು ದಿನ ಅಂತ ಹುಡುಕಿದೆ, ಪುಟ ಹಿಂದ ಮುಂದ ಮಾಡಿದೆ. ಬರದಿಲ್ಲ. ಪುಸ್ತಕ ಬರದವರಿಗೂ ಗೊತ್ತಿರಲಿಕ್ಕಿಲ್ಲ.

ನಿನ್ನ ಸಾಹುಕಾರನ್ನ ಓದಿ ಪಕ್ಕದ ಮನಿ ಮುನ್ನೀ ಬೀ ನಕ್ಕಳು. ನಾನೂ ನಗಬೇಕಿತ್ತು.

ಆ ಫಾರಂನ ಪ್ರಶ್ನಿ ಒಮ್ಮೆ ಬಾಯಿಬಿಟ್ಟು ಓದಿಕೊಂಡು ನೋಡು. ಯಾರಾದ್ರೂ ನಿನ್ನನ್ನ ಕೇಳಿದಂಗ.

ಯವ್ವ ಅಲ್ಲಿ ಬಂದಿದ್ರ ಆಕಿ ಮಣಕಾಲಿಗೆ ಎಣ್ಣಿ ಹಚ್ಚಾಕ ವೆಂಕಮ್ಮಗ ಹೇಳು.

ಗೋಪಮ್ಮ


ದೇವದುರ್ಗ
6-10-1985

ಅಕ್ಕಾ,

ಎರಡು ಕಾರ್ಡು ಹಾಕಿದೆ. ಒಂದಕ್ಕೂ ಜವಾಬಿಲ್ಲ. ಸಿಟ್ಟಾಗಿಯೇನು? ಹತ್ತೊಂಬತ್ತನೇ ತಾರೀಖು ಮರತೆ ಅಂತ ಇರಬೇಕು. ಮರತಿಲ್ಲ ಅಕ್ಕಾ, ಬೇಕಂತ ಬರೀಲಿಲ್ಲ. ಮಾಯ್ತಿರೋ ಗಾಯ ನಾ ಯಾಕ ಕೆರೀಲಿ ಅಂತ ಸುಮ್ನಿದ್ದೆ.

ಫಾರಂ ನೂರಾ ಹತ್ತು ಮುಗದ್ವು. ಗೂಗಲ್ ಊರಾಗ ಇನ್ನೊಂದು ಓಣಿ ಉಳದದ. ಬಾಯಿಬಿಟ್ಟು ಓದು ಅಂದಿದ್ದಿ, ಓದೇ ಕೇಳ್ತೀನಲ್ಲ, ಕಂಠಪಾಠ ಆಗ್ಯಾವ. ಒಂದು ತಮಾಷಿ ಏನಂದ್ರ, ನಮ್ಮ ಲೆಕ್ಕದಾಗ ಗಂಡಸರಿಗೇ ರೋಗ ಹೆಚ್ಚದ. ಹೆಣ್ಮಕ್ಕಳು ಎಲ್ಲಾ ಎರಡು, ಒಂದು, ಸೊನ್ನಿ. ಹೆಣ್ಣು ಜೀವ ಗಟ್ಟಿ ಅಂತ ಜಂಬಣ್ಣ ಸಾಹೇಬ್ರು ರಿಪೋರ್ಟಿನಾಗ ಬರದಾರ.

ಯವ್ವ ದಿನಾ ಒಂದು ತಕರಾರು ತಗೀತಾಳ. ಆಕಿಗೆ ಓದಾಕ ಬರಂಗಿಲ್ಲ, ನಿನಗೊತ್ತದ. ನಿನ್ನ ಎರಡೂ ಕಾಗದ ಒಂದರ ಮಗ್ಗಲ ಒಂದು ಇಟ್ಟು ಬೆರಳಾಡಿಸಿ, "ಲೇ ಹಂಪ್ಯಾ, ಇದರಾಗ ಆಕಿ ಅಕ್ಷರ ಯಾಕ ಇಷ್ಟು ಸಣ್ಣಾಗ್ಯಾವ? ಇಷ್ಟು ದೂರ ದೂರ ಯಾಕ ಅದಾವ? ನನ್ನ ಬಸ್ಸಿಗೆ ಹತ್ತಸು" ಅಂತಾಳ. ಹಾಳಿ ಉಳಸಾಕ ಸಣ್ಣಕ ಬರದಿರ್ತಾಳ ಅಂದೆ. ಅರ್ಧ ಹಾಳಿ ಖಾಲಿ ಬಿಟ್ಟಾಳಲ್ಲೋ ಅಂದ್ಲು. ಮುದುಕಿ ಜೋಡಿ ವಾದ ಮಾಡಾಕಾಗಂಗಿಲ್ಲ. ನಿನ್ನ ಸೊನ್ನಿ ತೋರಿಸಿ ಸಮಾಧಾನ ಮಾಡೀನಿ.

ಒಂದು ಸಾಲು ಬರಿ. ಬರೇ "ಮುಟ್ಟಿತು" ಅಂತರ ಬರಿ.

ಹಂಪಯ್ಯ


ರಾಯಚೂರು, ದವಾಖಾನಿ ವರಾಂಡಾ
17-11-1985

ಅಕ್ಕಾ,

ನೀ ಒಳಗದಿ, ನಾ ಹೊರಗ ಬೆಂಚಿನ ಮ್ಯಾಲ ಅದೀನಿ. ನಡುವ ಒಂದು ಹಸರು ಪರದೆ ಅದ. ನಿಮ್ಮಕ್ಕ ಭೆಟ್ಟಿ ಬ್ಯಾಡಂತಾರ ಅಂತ ಸಿಸ್ಟರು ಎರಡು ಸಲ ಹೇಳಿ ಹೋದ್ರು. ನಿನ್ನ ಹಟ ನನಗೊತ್ತದ. ಅದಕ್ಕ ಬರೀತೀನಿ. ಮುನ್ನೀ ಬೀ ಒಳಗ ತಂದು ಕೊಡ್ತೀನಂದಾಳ.

ನಿನ್ನೆ ಗೂಗಲ್‌ನಾಗ ಕಡೀ ಓಣಿ ಮಾಡಾಕ ಹೋಗಿದ್ದೆ. ಬೂದೆಮ್ಮ ಅಂತ ಒಬ್ಬಾಕಿ, ಗಂಡ ಬಿಟ್ಟಾಕಿ. ಗ್ವಾಡಿಗೆ ಒರಗಿ ಕುಂತಿದ್ಲು. ನಿದ್ದೆ ಸರಿಯಾಗಿ ಬರುವುದಿಲ್ಲವೇ ಅಂತ ಓದಿದೆ. "ಇಲ್ರೀ" ಅಂದ್ಲು. ಇಲ್ಲ ಅಂತ ಗುರುತು ಹಾಕಿದೆ. ಊಟ? "ಇಲ್ರೀ." ಮತ್ತೊಂದು ಗುರುತು. ಬಾಜೂ ಮನಿ ದಾವಲ್ ಬೀ ಅಕ್ಕಿ ಆರಸಾಕತ್ತಿದ್ಲು. ಮೊರ ಕೆಳಗಿಟ್ಟು ಎದ್ದು ಬಂದು ನನ್ನ ಫಾರಂನೊಳಗ ಹಣಿಕಿ ಹಾಕಿದ್ಲು. "ಏನ್ ಬರಕೊಂಡಿ ತಮ್ಮಾ?" ಅಂದ್ಲು. ಆರಾಮದಾಳ ಅಂತ ಅಂದೆ. "ಅಯ್ಯ ನಿನ್ನ! ನಿದ್ದಿ ಬರಂಗಿಲ್ಲೇನು ಅಂತ ನೀ ಕೇಳ್ತಿ. ಇಲ್ಲ, ಬರಂಗಿಲ್ಲ ಅಂತ ಆಕಿ ಅಂತಾಳ. ಅದರಾಗ ಆರಾಮ ನಿನಗ ಎಲ್ಲಿ ಕಂಡಿತು? ಆಕಿ ಉಂಡು ನಾಕು ದಿನ ಆತು!"

ಅಕ್ಕಾ, ಬೂದೆಮ್ಮನ ಮುಂದ ಕುಂತು ನಿನ್ನ ಫಾರಂ ಮನಸ್ಸಿನಾಗ ಓದಿದೆ. ಬದುಕಬೇಕು ಅನ್ನಿಸುವುದಿಲ್ಲವೇ? ಇಲ್ಲ.

ನೀ ಹತ್ತಕ್ಕ ಹತ್ತು ಹೇಳಿದ್ದಿ. ನಾ ಅದನ್ನ ಊರೆಲ್ಲಾ ಮೆರೆಸಿದೆ.

ಬೂದೆಮ್ಮನ್ನ ಗಾಡಿ ಮಾಡಿ ನಮ್ಮ ಡಾಕ್ಟರ ಕಡಿ ಕಳಿಸಿದೆ. ನಸಿಕಿನ ಬಸ್ಸು ಹಿಡದು ನಿನ್ನ ಮನಿಗೆ ಬಂದ್ರ ಬಾಗಲಕ್ಕ ಕೀಲಿ. ಮುನ್ನೀ ಬೀ ನನ್ನ ನೋಡಿ ಮೊದಲು ಬೈದಳು, ಆಮ್ಯಾಲ ಚಾ ಕೊಟ್ಟಳು. ನಳಕ್ಕ ನಿನ್ನ ಕೊಡ ಎರಡು ದಿನ ಬರಲಿಲ್ಲಂತ, ಬಾಗಲಾ ಬಡದ್ರ ತಗೀಲಿಲ್ಲಂತ. ಮುರದು ಒಳಗ ಹೋದ್ರ ನೀ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ದಿಯಂತ. ಹನ್ನೊಂದು ದಿನ ಆಗಿತ್ತಂತ ನೀ ಉಂಡು. ತಮ್ಮನ ಅಡ್ರೆಸ್ ಹೇಳು ಅಂದ್ರ ನೀ ಬಾಯಿ ಬಿಡಲಿಲ್ಲಂತ.

ಒಂದು ಸುಳ್ಳು ನಿನಗ ಹೇಳೀನಿ, ಅಂದ್ರ ಹೇಳದ ಮುಚ್ಚಿಟ್ಟೀನಿ. ಜುಲೈದಾಗ ಗುಲ್ಬರ್ಗಾದಿಂದ ನಾ ರಾಯಚೂರ ಮ್ಯಾಲೇ ಬಂದದ್ದು. ಬಸ್ ಸ್ಟ್ಯಾಂಡಿನಾಗ ಎರಡು ತಾಸು ಕುಂತಿದ್ದೆ. ನಿನ್ನ ಮನಿ ಅಲ್ಲಿಂದ ಹತ್ತು ಮಿನಿಟಿನ ದಾರಿ. ನಾ ಬರಲಿಲ್ಲ. ಮಣ್ಣು ಕೊಟ್ಟ ದಿನದಿಂದ ನಿನ್ನ ಮಾರಿ ನೋಡಾಕ ನನಗ ಧೈರ್ಯ ಇರಲಿಲ್ಲ. ದೇವದುರ್ಗಕ್ಕ ಹೋಗಿ ಫಾರಂ ಪೋಸ್ಟು ಮಾಡಿದೆ.

ರೇಣುಕಾ. ರೇಣಿ. ನಮ್ಮ ರೇಣಿ. ವರ್ಷದ ಮ್ಯಾಲಾತು ಈ ಹೆಸರು ನಾ ಬರದು. ನನ್ನ ಹೆಗಲ ಮ್ಯಾಲ ಕುಂತು ಕಿವಿ ಹಿಡಕೊಂಡು ಎಡಕ್ಕ ಹೋಗು ಮಾಮಾ, ಬಲಕ್ಕ ಹೋಗು ಮಾಮಾ ಅಂತಿದ್ಲು. ಹೆಸರೆತ್ತಿದ್ರ ನಿನಗ ನೋವಾಗ್ತದ ಅಂತ ತಿಳದೆ. ನೋವು ನನಗ ಆಗ್ತಿತ್ತು, ಅದಕ್ಕ ಎತ್ತಲಿಲ್ಲ.

ನಾಳೆ ಯವ್ವ ಬರ್ತಾಳ. ಆಕಿನರ ಒಳಗ ಬಿಡು.

ಹಂಪಯ್ಯ


ರಾಯಚೂರು
12-1-1986

ತಮ್ಮಾ ಹಂಪಯ್ಯ,

ಕೂಸು ಹುಟ್ಟಿದ ಸುದ್ದಿ ಮುಟ್ಟಿತು. ತಾಯಿ ಕೂಸು ಆರಾಮದಾರ, ಅಷ್ಟು ಸಾಕು. ಬಾಣಂತನಕ್ಕ ವೆಂಕಮ್ಮನ ಅತ್ತಿಗಿ ಮಾನ್ವಿಯಿಂದ ಬಂದಾಳಂತ ಕೇಳಿ ಹಗುರಾತು. ಯವ್ವ ಇಲ್ಲಿ ನನ್ನ ಬಾಯಾಗ ತುತ್ತು ಇಡಾಕತ್ತು ಎರಡು ತಿಂಗಳಾತು. ನಾ ಉಂಡು ಮುಗಿಸೂ ತನಕ ತಾನು ಉಣ್ಣಂಗಿಲ್ಲ. ಆಕಿ ಸಲುವಾಗಿ ಉಣ್ಣಾಕತ್ತೆ, ಈಗ ಅನ್ನಕ್ಕ ಜರಾ ಅನ್ನದ ರುಚಿ ಬರಾಕತ್ತದ.

ಸೋಮವಾರ ಕೆಲಸಕ್ಕ ಹಾಜರಾದೆ. ಮೇಜಿನ ಮ್ಯಾಲ ಎರಡು ತಿಂಗಳ ಪೇಪರು ಗುಡ್ಡ ಬಿದ್ದಿದ್ವು. ಮ್ಯಾಲಿಂದ ಐದನೇದು ನಂದು. ಯಾರೂ ಮುಟ್ಟಿರಲಿಲ್ಲ. ಡಾಕ್ಟರು ಬರೇ ಖಿನ್ನತೆ ಅಂತ ಬರದಿದ್ರು. ಆ ಒಂದು ಮಾತಿಗೆ ಪುಸ್ತಕದಾಗ ನಾಕು ಜಾಗಾದಾಗ ನಂಬರು ಅದಾವ. ಪೇಪರು ಹಿಡಕೊಂಡು ಅವರ ಕಡಿ ಹೋದೆ. ಯಾವುದ್ರೀ ಸರ್, 309 ಹಾಕಲೋ ಏನು ಅಂದೆ. ಅವರು, "ಗೋಪಮ್ಮಾ, ಶುರುವಾದಾಗ ಅದು ದುಃಖ ಇತ್ತು. ನಮ್ಮ ಕಡಿ ಬಂದಾಗ ದುಃಖ ಇರಲಿಲ್ಲ, ದೊಡ್ಡ ರೋಗ ಆಗಿತ್ತು. 296 ಬರೀರಿ" ಅಂದ್ರು. ಬರದೆ. ನನ್ನ ಹೆಸರಿನ ಮುಂದ ನನ್ನ ಕೈಯಿಂದನ ಬರದೆ. ಅಳು ಬರ್ತದ ಅಂದ್ಕೊಂಡಿದ್ದೆ, ಬರಲಿಲ್ಲ. ನಾ ಮೈಗಳ್ಳಿ ಆಗೀನಿ, ಮಗಳ ನೆವ ಮಾಡ್ಕೊಂಡು ಬಿದ್ದೀನಿ ಅಂತ ಇಷ್ಟು ದಿನ ನನಗ ನಾನ ಬೈಕೊಂತಿದ್ದೆ. ಗುಳಗಿ ಕೊಟ್ರ ಇಳಿಯೂ ರೋಗ ಅಂತ ಆ ನಂಬರು ಬರದ ಮ್ಯಾಲ ನಂಬಿಕಿ ಬಂತು. ರೇಣಿ ಇಲ್ಲದ್ದಕ್ಕ ಮಾತ್ರ ಗುಳಗಿ ಇಲ್ಲ. ಅದು ಬ್ಯಾರೆ.

ಈಗ ನನ್ನ ಮಾತು ಕೇಳು. ವರಾಂಡಾದಾಗ ಕುಂತು ನೀ ನಿನ್ನ ತಪ್ಪು ಒಪ್ಪಿಕೊಂಡಿ. ನಂದೂ ಒಂದದ. ಆಗಸ್ಟಿನಾಗ ನೀ ಹತ್ತಕ್ಕ ಸೊನ್ನಿ ಅಂತ ಬರದ ದಿನಾನ ನನಗ ಗೊತ್ತಾತು, ನೀ ಉಲ್ಟಾ ತಿಳಕೊಂಡಿ ಅಂತ. ಮಾರ್ಕಿನ ಗುಟ್ಟು ನೀನ ಬರದಿದ್ದಿಯಲ್ಲ. ಬಿಡಿಸಿ ಒಂದು ಕಾರ್ಡು ಹಾಕಿದ್ರ ಮುಗೀತಿತ್ತು. ಹಾಕಲಿಲ್ಲ. ಬೆನ್ನಿಗೆ ಬಿದ್ದ ತಮ್ಮಗ ಅಕ್ಕನ ಸ್ಥಿತಿ ಕಾಗದದ ಮ್ಯಾಲ ಲೆಕ್ಕ ಹಾಕೇ ತಿಳೀಬೇಕೇನು, ತಾನಾಗೇ ತಿಳಕೊಳ್ಳಲಿ ಅಂತ ಕುಂತೆ. ನೀ ಮುಂದ ಬಂದು ಕೇಳಿದ್ರ ಫಾರಂ ಎಷ್ಟು ತಪ್ಪಿದ್ರೂ ನಡೀತಿತ್ತು ಹಂಪಯ್ಯ. ನನ್ನ ಮಾರಿ ನೋಡಿದ್ರ ನೀ ಮೂರನೇ ಪ್ರಶ್ನಿ ಕೇಳ್ತಿದ್ದಿಲ್ಲ. ದೇವದುರ್ಗದ ಬಸ್ಸು ಬರೂ ಹೊತ್ತಿಗೆ ದಿನಾ ಕಿಟಕಿಗೆ ಹೋಗಿ ನಿಲ್ತಿದ್ದೆ. ಆ ಹಟದಾಗ ನನ್ನ ಜೀವ ಹೋಗ್ತಿತ್ತು. ನಿನ್ನ ಮ್ಯಾಲ ಸಿಟ್ಟು ಇನ್ನೂ ಇಳದಿಲ್ಲ, ಸುಳ್ಳು ಹೇಳಂಗಿಲ್ಲ. ಭೆಟ್ಟಿ ಬ್ಯಾಡ ಅಂದದ್ದೂ ಅದಕ್ಕ.

ಕೂಸಿನ ಸುದ್ದಿ ಜೋಡಿ, ಪ್ರಶ್ನಿ ತಿದ್ದಿ ಮ್ಯಾಲಿನವರಿಗೆ ಬರದೀನಿ ಅಂದಿ. ಚಲೋ ಆತು. ಆದ್ರ ಮೊದಲು ಕೇಳಿದ ಮಂದಿಯ ಗತಿ ಏನು? ನೂರಾ ಹತ್ತು ಫಾರಂನಾಗ ಇಲ್ಲ ಇಲ್ಲ ಅಂದವರು ಎಷ್ಟು ಮಂದಿ ಅದಾರ, ಎಣಿಸಿಯೇನು? ಅವರೂ ನನ್ನಂಗ ಖರೇನ ಹೇಳಿದವರು. ಹೇಳಿದ್ವಿ, ಸರಕಾರದಾವ ಬರಕೊಂಡು ಹೋದ, ಏನರ ಮಾಡ್ತಾನ ಅಂತ ದಾರಿ ನೋಡ್ತಿರ್ತಾರ. ಒಂದು ಮನಿ ಬಿಡದಂಗ ಹೋಗು. ಕಾಗದ ಚೀಲದಾಗ ಇಡು, ಕುಂತು ಮಾತಾಡು. ಎಲ್ಲಾ ಮನಿ ಮುಗಿಸಿ ಆಮ್ಯಾಲ ನನ್ನ ಮನಿಗೆ ಬಾ.

ಗೋಪಮ್ಮ


ದೇವದುರ್ಗ
9-2-1986

ಅಕ್ಕಾ,

ಎಲ್ಲಾ ಮನಿಗೆ ಹೋಗಿ ಬಂದೆ. ಐದು, ಅದಕ್ಕಿಂತ ಹೆಚ್ಚು ಸಲ ಇಲ್ಲ ಅಂದವರು ಮೂವತ್ತೆಂಟು ಮಂದಿ ಇದ್ರು. ನಿದ್ದಿ ಹ್ಯಾಂಗ ಬರ್ತದ, ಊಟ ಹ್ಯಾಂಗ ಹೋಗ್ತದ ಅಂತ ನಮ್ಮ ಮಾತಿನಾಗ ಕೇಳಿದೆ. ಹದಿಮೂರು ಮಂದಿಗೆ ಔಷಧಿ ಬೇಕಾಗಿತ್ತು. ಹನ್ನೆರಡು ಮಂದಿಯನ್ನ ಡಾಕ್ಟರಿಗೆ ತೋರಿಸೀನಿ. ಬೂದೆಮ್ಮ ಈಗ ಹೊಲದ ಕೆಲಸಕ್ಕ ಹೋಗಾಕತ್ತಾಳ.

ಹದಿಮೂರನೇದಾಕಿ ಬಸವಂತಮ್ಮ. ಗೂಗಲ್, ಹೊಳಿ ಕಡಿ ಓಣಿ. ಇಪ್ಪತ್ತಾರು ವರ್ಷ. ಫಾರಂನ ಮ್ಯಾಲ ಜುಲೈ ಮೂವತ್ತು ಅಂತ ತಾರೀಖದ. ಅವತ್ತು ನನಗ ನೆನಪದ, ಬಿಸಲಾಗ ಬಂದೀರಿ ಅಂತ ಮಜ್ಜಿಗಿ ಕೊಟ್ಟಿದ್ಲು. ಹತ್ತಕ್ಕೂ ಇಲ್ಲ ಅಂದಿದ್ಲು, ಕಡೀದಕ್ಕ ನೆಲ ನೋಡಿಕೊಂತ ಅಂದಿದ್ಲು. ನಾ ಸೊನ್ನಿ ಹಾಕಿ, ಲೋಟ ತೊಳದಿಟ್ಟು, ಸೈಕಲ್ಲು ಹತ್ತಿದೆ.

ನಿನ್ನೆ ಹೋದ್ರ ಆಕಿ ಅತ್ತಿ ಗುರುಶಾಂತಮ್ಮ ಹೊರಗ ಬಂದ್ರು. ಶ್ರಾವಣ ಮುಗಿಯೂದ್ರೊಳಗ ಹೊಳಿಗೆ ಹೋದಾಕಿ ತಿರುಗಿ ಬರಲಿಲ್ಲ ಅಂದ್ರು. ನಾ ಬಂದು ಹೋಗಿ ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ. ಸಣ್ಣ ಕೂಸೊಂದು ಅವರ ಸೀರಿ ಹಿಡಕೊಂಡು ನಿಂತಿತ್ತು. "ಆಕಿ ಯಾರ ಕೂಡಾನೂ ಮಾತಾಡ್ತಿದ್ದಿಲ್ಲ, ನೀವು ಬಂದಾಗ ಅಷ್ಟ ಕುಂತು ಮಾತಾಡಿದ್ಲು. ನಿಮ್ಮ ಮುಂದ ಏನರ ಹೇಳಿದ್ಲೇನ್ರೀ?" ಅಂತ ಕೇಳಿದ್ರು. ಅಕ್ಕಾ, ಆಕಿ ಎಲ್ಲಾ ಹೇಳಿದ್ಲು. ನಾ ಆ ಮುದುಕಿ ಮುಂದ ಬಾಯಿ ತೆರೀಲಿಲ್ಲ. ಹೇಳಬೇಕಿತ್ತೋ ಬ್ಯಾಡಿತ್ತೋ ನನಗ ತಿಳೀವಲ್ದು.

ಮನಿಗೆ ಬಂದು ಕೂಸಿನ ಮಾರಿ ನೋಡಾಕ ಆಗಲಿಲ್ಲ. ವೆಂಕಮ್ಮ ಏನಾತು ಅಂತ ಕೇಳಿದ್ಲು, ಏನಿಲ್ಲ ಅಂದೆ. ಉಣ್ಣು ಅಂದ್ಲು, ಗಂಗಾಳ ಸರಿಸಿ ಎದ್ದೆ. ಆಕಿ ನನ್ನ ಚಪ್ಪಲಿ ತಂದು ಬಾಗಲಾಗ ಇಟ್ಟು, ನಿಮ್ಮಕ್ಕನ ಕಡಿ ಹೋಗಿ ಬರ್ರಿ ಅಂದ್ಲು.

ಈ ಕಾಗದ ಪೋಸ್ಟಿಗೆ ಹಾಕಂಗಿಲ್ಲ. ನಾಳೆ ಮೊದಲನೇ ಬಸ್ಸಿಗೆ ನಾನ ತಗೊಂಡು ಬರ್ತೀನಿ. ನಿನ್ನ ಮುಂದ ನಿಂತಾಗ ಇದನ್ನೆಲ್ಲಾ ಬಾಯಿಂದ ಹೇಳಾಕ ನನ್ನಿಂದ ಆಗಂಗಿಲ್ಲ, ಬಾಗಲ ಸಂದಿಯಿಂದ ಒಳಗ ಹಾಕ್ತೀನಿ. ಓದು. ಓದಿ ಬೈ, ಬೇಕಾದ್ರ ಹೊಡಿ. ಆದ್ರ ಬಾಗಲಾ ತಗಿ ಅಕ್ಕಾ.

ಹಂಪಯ್ಯ